ಸ್ವಂತ ಅನುಭವ ಹೇಳಿ ಓದುಗರನ್ನು ಒಪ್ಪಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕಣ, ಮನವಿಪತ್ರ, ಭಾಷಣ, ಸಂಪಾದಕರಿಗೆ ಪತ್ರ, ದೇಣಿಗೆಯ ಕೋರಿಕೆ. ಇವನ್ನೆಲ್ಲ ಬರೆಯುವವರು ತಮ್ಮ ಬದುಕಿನ ಒಂದು ಪ್ರಸಂಗ ಹೇಳಿ ಎದುರಿಗಿರುವವರನ್ನು ಒಪ್ಪಿಸಲು ನೋಡುತ್ತಾರೆ. ಈ ಬಗ್ಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಮೆಟ್ಟಿಲು

ಪ್ರಸಂಗ ಅಂದ್ರೆ ಕಥೆನೇ ಅಲ್ವಾ? ಬೇರೆ ಹೆಸರು ಯಾಕೆ?

ಕಥೆ ತನ್ನಷ್ಟಕ್ಕೆ ನಿಲ್ಲುತ್ತದೆ. ಪ್ರಸಂಗ ಒಂದು ವಾದದ ಕೆಲಸಕ್ಕೆ ಬಂದಿರುತ್ತದೆ, ಕೆಲಸ ಮುಗಿದ ಕೂಡಲೇ ಹೋಗಬೇಕು. ಒಂದು ಜಾಗ, ಒಂದು ಹೊತ್ತು, ಇಬ್ಬರೋ ಮೂವರೋ ಜನ, ಒಂದು ತಿರುವು. ಅಷ್ಟಿದ್ದರೆ ಸಾಕು.

ಹೊಸಬರು ಮಾಡುವ ಮೊದಲ ತಪ್ಪು ಸಾರಾಂಶವನ್ನೇ ಪ್ರಸಂಗ ಎಂದುಕೊಳ್ಳುವುದು. ‘ಆ ಕೆಲಸದಲ್ಲಿ ಐದು ವರ್ಷ ತುಂಬ ನೊಂದೆ’ ಎಂಬುದು ಸಾರಾಂಶ. ‘ಮಂಗಳವಾರ ಸಂಜೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ಮೆಟ್ಟಿಲಿಳಿದೆ’ ಎಂಬುದು ಪ್ರಸಂಗ. ಗುರುತು ಹಿಡಿಯುವುದು ಸುಲಭ. ಓದಿದವರಿಗೆ ‘ಅದು ಎಲ್ಲಿ, ಯಾವಾಗ ನಡೆದದ್ದು?’ ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿದ್ದರೆ ನೀವು ಬರೆದದ್ದು ಪ್ರಸಂಗ.

ಅಂಕಿ-ಅಂಶ ಕೈಯಲ್ಲಿರುವಾಗ ನನ್ನ ಕಥೆ ಯಾರಿಗೆ ಬೇಕು?

ಓದುವವರು ವಾದವನ್ನು ಕೇಳುವಾಗ ಒಳಗೊಳಗೇ ಎದುರುತ್ತರ ಕಟ್ಟುತ್ತಿರುತ್ತಾರೆ. ಕಥೆಯಲ್ಲಿ ಮುಳುಗಿದಾಗ ಆ ಕೆಲಸ ನಿಧಾನವಾಗುತ್ತದೆ. ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ ಎಂಬ ಮನಶ್ಶಾಸ್ತ್ರಜ್ಞರು 2000ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಥೆಯೊಳಗೆ ಹೆಚ್ಚು ಮುಳುಗಿದವರು ಅದರ ನಿಲುವಿಗೆ ಹೆಚ್ಚು ಹತ್ತಿರವಾದರು, ಅದರಲ್ಲಿ ‘ಇದು ಸುಳ್ಳೆನಿಸುತ್ತದೆ’ ಎಂದು ಗುರುತು ಹಾಕಿದ ಜಾಗಗಳೂ ಅವರಲ್ಲಿ ಕಡಿಮೆ ಇದ್ದವು. ಕಥೆ ನಿಜ ಎಂದು ಹೇಳಿ ಕೊಟ್ಟರೂ ಕಲ್ಪನೆ ಎಂದು ಹೇಳಿ ಕೊಟ್ಟರೂ ಮುಳುಗುವುದರಲ್ಲಿ ವ್ಯತ್ಯಾಸವಾಗಲಿಲ್ಲ. ಈ ಕೊನೆಯ ಮಾತು ಸ್ವಲ್ಪ ಹೆದರಿಕೆ ಹುಟ್ಟಿಸುವಂಥದ್ದು. ಅದನ್ನು ಕೆಳಗೆ ಬೇರೆ ಪ್ರಶ್ನೆಯಲ್ಲಿ ನೋಡೋಣ.

ಇನ್ನೊಂದು ಕಾರಣ ಸರಳ. ಅಂಕಿಯನ್ನು ಯಾರು ಬೇಕಾದರೂ ಎತ್ತಿ ಬರೆಯಬಹುದು. ‘ನಾನು ಅಲ್ಲಿದ್ದೆ’ ಎನ್ನುವ ಮಾತಿಗೆ ಬೇರೆಯೇ ತೂಕವಿದೆ, ಏಕೆಂದರೆ ಅದಕ್ಕೆ ಬರೆದವರೇ ಹೊಣೆ.

ಹಾಗಿದ್ರೆ ಯಾವಾಗ್ಲೂ ಪ್ರಸಂಗದಿಂದಲೇ ಶುರು ಮಾಡ್ಬೇಕಾ? ಎಲ್ಲಿ ಬೇಡ?

ಎಲ್ಲ ಕಡೆ ಬೇಡ. ನಲವತ್ತು ವರ್ಷಗಳ 61 ಸಂಶೋಧನಾ ಬರಹಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2020ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಅಂಕಿ-ಅಂಶವೇ ಹೆಚ್ಚು ಒಪ್ಪಿಸುತ್ತದೆ ಎಂದು ಅದು ಕಂಡುಕೊಂಡಿತು. ಆದರೆ ವಿಷಯ ಆರೋಗ್ಯದ್ದಾಗಿದ್ದಾಗ, ದೊಡ್ಡ ಅಪಾಯದ್ದಾಗಿದ್ದಾಗ, ಓದುವವರ ಮೈಗೇ ತಾಗುವಂತಿದ್ದಾಗ ಪ್ರಸಂಗದ ಕೈ ಮೇಲಾಗುತ್ತದೆ.

ಬರೆಯುವವರಿಗೆ ಇದರ ಅರ್ಥ ಇಷ್ಟು. ಯಾವ ಯಂತ್ರ ಕೊಳ್ಳಬೇಕು, ಯಾವ ಲೆಕ್ಕಪದ್ಧತಿ ಸರಿ ಎನ್ನುವಂಥ ತಣ್ಣನೆಯ ವಿಷಯಕ್ಕೆ ನಿಮ್ಮ ಬಾಲ್ಯದ ನೆನಪು ಬೇಡ, ಹೋಲಿಕೆಯ ಪಟ್ಟಿ ಕೊಡಿ. ಓದುವವರು ತಾವೇ ಹೆದರಿರುವ ವಿಷಯಕ್ಕೆ, ಅಥವಾ ಹೆದರಬೇಕಾಗಿದ್ದೂ ಹೆದರದಿರುವ ವಿಷಯಕ್ಕೆ ಪ್ರಸಂಗ ತನ್ನಿ.

ನನ್ನ ಬದುಕಲ್ಲಿ ಹೇಳುವಂಥದ್ದು ಏನೂ ನಡೆದಿಲ್ಲ. ನಾನೇನು ಬರೀಲಿ?

ದೊಡ್ಡ ಘಟನೆ ಹುಡುಕುವುದೇ ತಪ್ಪು ದಾರಿ. ಅಪಘಾತ, ಸಾವು, ಗೆಲುವು ಇವೆಲ್ಲ ಓದುವವರನ್ನು ‘ಪಾಪ’ ಎನ್ನಿಸುತ್ತವೆ ಅಥವಾ ‘ಭೇಷ್’ ಎನ್ನಿಸುತ್ತವೆ, ‘ಹೌದು, ನನಗೂ ಹೀಗೇ ಆಗಿತ್ತು’ ಎನ್ನಿಸುವುದು ಅಪರೂಪ. ಒಪ್ಪಿಸುವ ಶಕ್ತಿ ಇರುವುದು ಆ ಮೂರನೆಯ ಮಾತಿನಲ್ಲಿ.

ಹುಡುಕುವ ಒಂದು ದಾರಿ ಹೀಗಿದೆ. ಮೊದಲು ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರ ಕೆಳಗೆ ಮೂರು ಪ್ರಶ್ನೆ ಇಡಿ. ಈ ಮಾತು ನನಗೆ ಮೊದಲು ಹೊಳೆದದ್ದು ಯಾವಾಗ? ಇದನ್ನು ನಾನು ನಂಬದೇ ಇದ್ದದ್ದು ಯಾವಾಗ? ಇದನ್ನು ಗೊತ್ತಿದ್ದೂ ಮೀರಿದ್ದು ಯಾವಾಗ? ಹತ್ತು ನಿಮಿಷ ಕೂತು ನೆನಪಿಗೆ ಬಂದದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಗೀಚಿ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಸಿಕ್ಕ ಉತ್ತರಗಳೇ ಹೆಚ್ಚಾಗಿ ಕೆಲಸಕ್ಕೆ ಬರುತ್ತವೆ. ಮೊದಲನೆಯದಕ್ಕೆ ಸಿಗುವುದು ಬಹುಮಟ್ಟಿಗೆ ಉಪದೇಶ.

ಎಷ್ಟು ಉದ್ದ ಇರ್ಬೇಕು?

ಇಡೀ ಬರಹದ ಐದನೇ ಒಂದು ಪಾಲು ದಾಟದಿರಲಿ. 800 ಪದಗಳ ಅಂಕಣಕ್ಕೆ 120ರಿಂದ 160 ಪದ, ಒಂದು ಪುಟದ ಮನವಿಗೆ ನಾಲ್ಕೈದು ವಾಕ್ಯ. ಅದಕ್ಕಿಂತ ಉದ್ದವಾದರೆ ಓದುವವರು ಕಥೆಯ ಅಂತ್ಯಕ್ಕೆ ಕಾಯತೊಡಗುತ್ತಾರೆ, ವಾದ ಮರೆಯುತ್ತದೆ. ಮೊದಲ ಕರಡಿನಲ್ಲಿ ಎರಡರಷ್ಟು ಬರೆದು ಅರ್ಧಕ್ಕೆ ಇಳಿಸುವುದೇ ಒಳ್ಳೆಯದು. ಕತ್ತರಿಯನ್ನು ಮೊದಲು ಹಾಕಬೇಕಾದದ್ದು ಆರಂಭಕ್ಕೆ, ಏಕೆಂದರೆ ‘ಅಂದು ಬೆಳಗ್ಗೆ ಎಂದಿನಂತೆ ಎದ್ದು’ ಎನ್ನುವ ಭಾಗ ಯಾರಿಗೂ ಬೇಡ.

## ಬರೆಯಲು ಕೂತಾಗ

ಪ್ರಸಂಗವನ್ನ ಮೊದಲೇ ಹೇಳ್ಬೇಕಾ, ಕೊನೇಲಿ ಹೇಳ್ಬೇಕಾ?

ಇದು ಹಳೆಯ ಪ್ರಶ್ನೆ. ಅರಿಸ್ಟಾಟಲ್ ತನ್ನ ಭಾಷಣಕಲೆಯ ಗ್ರಂಥದ ಎರಡನೆಯ ಭಾಗದಲ್ಲಿ ಇದಕ್ಕೆ ಲೆಕ್ಕ ಹಾಕಿದಂತೆ ಉತ್ತರ ಕೊಟ್ಟಿದ್ದಾನೆ. ಉದಾಹರಣೆಯನ್ನು ಮೊದಲು ಇಟ್ಟರೆ ಅದರಿಂದ ಸಾಮಾನ್ಯ ನಿಯಮವೊಂದನ್ನು ಹೊರಡಿಸಿದಂತೆ ಕಾಣುತ್ತದೆ, ಹಾಗಾಗಿ ಹಲವು ಬೇಕು. ವಾದ ಹೇಳಿದ ಮೇಲೆ ಇಟ್ಟರೆ ಅದು ಸಾಕ್ಷಿ ನುಡಿದಂತೆ, ಆಗ ಒಂದೇ ಸಾಕು.

ಇಂದಿನ ಅಂಕಣಕ್ಕೆ ಇದನ್ನು ಅಕ್ಷರಶಃ ಅನ್ವಯಿಸಲು ಕಷ್ಟ, ಮೊದಲ ಸಾಲಿನಲ್ಲೇ ಓದುಗರನ್ನು ಹಿಡಿಯಬೇಕಲ್ಲ. ನಡುವಿನ ದಾರಿ ಒಂದಿದೆ. ಪ್ರಸಂಗವನ್ನು ಒಡೆಯಿರಿ. ತಿರುವಿನವರೆಗೆ ಮೊದಲು ಹೇಳಿ ನಿಲ್ಲಿಸಿ. ನಂತರ ವಾದ ಮತ್ತು ಆಧಾರ. ಪ್ರಸಂಗ ಹೇಗೆ ಮುಗಿಯಿತು ಎಂಬುದನ್ನು ಆಮೇಲೆ ಎರಡೇ ವಾಕ್ಯದಲ್ಲಿ. ಹೀಗೆ ಮಾಡಿದರೆ ಪ್ರಸಂಗದ ಮೊದಲ ಭಾಗ ಓದುಗರನ್ನು ಎಳೆಯುತ್ತದೆ, ಕೊನೆಯ ಭಾಗ ಸಾಕ್ಷಿಯಾಗಿ ನಿಲ್ಲುತ್ತದೆ. ಓದುವವರು ನಿಮ್ಮ ನಿಲುವನ್ನು ಮೊದಲೇ ವಿರೋಧಿಸುವವರಾದರೆ ಪ್ರಸಂಗ ಮೊದಲು ಬರಲಿ, ಒಪ್ಪುವವರಾದರೆ ಕೊನೆಗಿರಲಿ.

ಯಾವ ವಿವರ ಇಟ್ಕೋಬೇಕು, ಯಾವುದು ಬಿಡ್ಬೇಕು ಅಂತ ಗೊತ್ತಾಗಲ್ಲ.

ವಿವರಕ್ಕೆ ಎರಡು ಕೆಲಸ. ಒಂದು, ನೋಡಿದಂತೆ ಅನ್ನಿಸುವುದು. ಇನ್ನೊಂದು, ಓದುಗರ ಮನಸ್ಸಿನಲ್ಲಿ ಏಳುವ ‘ಆದರೆ’ಗಳನ್ನು ಅವು ಏಳುವ ಮೊದಲೇ ಮುಚ್ಚುವುದು. ಮೊದಲನೆಯದನ್ನು ಎಲ್ಲರೂ ಕಲಿಸುತ್ತಾರೆ. ಒಪ್ಪಿಸುವ ಬರಹಕ್ಕೆ ಎರಡನೆಯದೇ ಮುಖ್ಯ.

ಡಾ. ಬಿ.ಆರ್. ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರುಬರಹ ಇದಕ್ಕೆ ಪಾಠದಂತಿದೆ. ಅಸ್ಪೃಶ್ಯತೆಯನ್ನು ಹೊರಗಿನವರಿಗೆ ತಿಳಿಸಲು ಎರಡು ದಾರಿಗಳಿವೆ, ಸಾಮಾನ್ಯ ವಿವರಣೆ ಕೊಡುವುದು ಅಥವಾ ನಡೆದ ಘಟನೆಗಳನ್ನೇ ಇಡುವುದು, ಎರಡನೆಯದು ಹೆಚ್ಚು ಪರಿಣಾಮಕಾರಿ ಎಂದು ಅವರು ಆರಂಭದಲ್ಲೇ ಹೇಳುತ್ತಾರೆ. ಮೊದಲ ಪ್ರಸಂಗ 1901ರದು. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಬಾಲಕ ಅಂಬೇಡ್ಕರ್ ಮತ್ತು ಮನೆಯ ಇತರ ಮಕ್ಕಳು ರೈಲಿನಲ್ಲಿ ಹೊರಡುತ್ತಾರೆ. ಕರೆದೊಯ್ಯಲು ನಿಲ್ದಾಣಕ್ಕೆ ಯಾರೂ ಬಂದಿರುವುದಿಲ್ಲ.

ಅಲ್ಲಿನ ವಿವರಗಳನ್ನು ಒಂದೊಂದಾಗಿ ನೋಡಿ. ಮಕ್ಕಳು ಚೆನ್ನಾಗಿ ಉಡುಪು ತೊಟ್ಟಿದ್ದರು, ಸ್ಟೇಷನ್ ಮಾಸ್ಟರ್ ಅವರನ್ನು ಬ್ರಾಹ್ಮಣರ ಮಕ್ಕಳೆಂದೇ ತಿಳಿದಿದ್ದರು. ಈ ಒಂದು ವಿವರದಿಂದ ‘ಕೊಳಕಾಗಿದ್ದರೇನೋ’ ಎನ್ನುವ ಸಮಜಾಯಿಷಿ ಬಿದ್ದುಹೋಗುತ್ತದೆ. ಜಾತಿ ತಿಳಿದ ಮೇಲೆ ಬಂಡಿಯವರು ಒಪ್ಪುವುದಿಲ್ಲ, ಮಕ್ಕಳು ಎರಡರಷ್ಟು ಬಾಡಿಗೆ ಕೊಡಲು ಸಿದ್ಧರಾಗುತ್ತಾರೆ. ‘ದುಡ್ಡಿನ ಸಮಸ್ಯೆ ಇರಬಹುದು’ ಎನ್ನುವುದೂ ಬಿತ್ತು. ಕೊನೆಗೆ ಒಪ್ಪಂದವಾಗುವುದು ಹೇಗೆ? ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ಬಂಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ತನ್ನದೇ ಬಂಡಿಯಲ್ಲಿ ಕೂರದೆ ನಡೆಯಲು ಒಬ್ಬ ಮನುಷ್ಯ ಸಿದ್ಧನಾದ ಎಂಬ ಚಿತ್ರವೇ ವಾದ. ಅದಕ್ಕೆ ವಿಶೇಷಣ ಬೇಕಿಲ್ಲ.

ನಿಮ್ಮ ಕರಡಿಗೂ ಇದೇ ಒರೆಗಲ್ಲು. ಓದುವವರು ಹೇಳಬಹುದಾದ ‘ಆದರೆ’ಗಳನ್ನು ಅಂಚಿನಲ್ಲಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ನಿಜವಾಗಿ ನಡೆದ ಒಂದು ವಿವರ ಇದೆಯೇ ನೋಡಿ. ಇದ್ದರೆ ಇಡಿ. ಯಾವ ‘ಆದರೆ’ಯನ್ನೂ ಮುಚ್ಚದ, ಚಿತ್ರವನ್ನೂ ಕಟ್ಟದ ವಿವರ ಎಷ್ಟೇ ಚೆಂದವಿದ್ದರೂ ಹೋಗಲಿ.

ಓದಿದವರು ‘ಕಥೆ ಚೆನ್ನಾಗಿದೆ’ ಅಂತಾರೆ, ಆದ್ರೆ ನನ್ನ ಮಾತು ಒಪ್ಪಲ್ಲ. ಎಲ್ಲಿ ತಪ್ತಾ ಇದೀನಿ?

ಬಹುಶಃ ಉಪನಯ, ಅಂದರೆ ಪ್ರಸಂಗವನ್ನು ವಾದಕ್ಕೆ ಜೋಡಿಸುವ ಮಾತು, ಬಿಟ್ಟಿದ್ದೀರಿ. ನಮಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು, ಕರಡುಗಳಲ್ಲಿ ಕಾಣುವ ತಪ್ಪೂ ಇದೇ ಹೆಚ್ಚು.

ಭಾರತದ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಬೇರೆಯವರನ್ನು ಒಪ್ಪಿಸುವ ವಾದಕ್ಕೆ ಐದು ಅಂಗಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ. ಏಕೆಂದರೆ ಹೊಗೆಯಿದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇದ್ದಂತೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಕಾಣುತ್ತಿದೆ. ಆದ್ದರಿಂದ ಬೆಂಕಿಯಿದೆ. ಇದರಲ್ಲಿ ನಾಲ್ಕನೆಯದು ಉಪನಯ, ಅಂದರೆ ಉದಾಹರಣೆಯನ್ನು ಹಿಡಿದು ತಂದು ಎದುರಿಗಿರುವ ವಿಷಯಕ್ಕೆ ಜೋಡಿಸುವ ಮಾತು. ನಿಮ್ಮ ಪ್ರಸಂಗ ಅಡುಗೆಮನೆಯ ಹೊಗೆ. ಅದನ್ನು ಎಷ್ಟು ಚೆನ್ನಾಗಿ ಬಣ್ಣಿಸಿದರೂ ಬೆಟ್ಟಕ್ಕೆ ತಾನಾಗಿ ಹೋಗಿ ಅಂಟಿಕೊಳ್ಳುವುದಿಲ್ಲ.

ಮಾದರಿಗೆಂದು ಕಟ್ಟಿದ ಒಂದು ಉದಾಹರಣೆ ನೋಡಿ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಹೆಸರು ದೊಡ್ಡ ಅಕ್ಷರದಲ್ಲಿ ಇರಬೇಕು ಎಂಬುದು ವಾದ. ಮೊದಲ ಕರಡು:

‘ಕಣ್ಣು ಸರಿಯಾಗಿ ಕಾಣದೆ ಅಮ್ಮ ತಪ್ಪು ಮಾತ್ರೆ ನುಂಗಿ ತುಂಬ ಕಷ್ಟಪಟ್ಟರು. ಆ ದಿನಗಳನ್ನು ನೆನೆದರೆ ಈಗಲೂ ಕಣ್ಣೀರು ಬರುತ್ತದೆ.’

ಇದನ್ನು ಓದಿದವರು ಮರುಗುತ್ತಾರೆ, ‘ಕಣ್ಣು ತೋರಿಸಬೇಕಿತ್ತು’ ಎಂದುಕೊಂಡು ಮುಂದೆ ಹೋಗುತ್ತಾರೆ. ತಿದ್ದಿದ ಕರಡು:

‘ಅಮ್ಮ ಕನ್ನಡಕ ಹಾಕಿಕೊಂಡೇ ಎರಡು ಸ್ಟ್ರಿಪ್ಪುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಎರಡೂ ಬೆಳ್ಳಿಯ ಬಣ್ಣ, ಎರಡರಲ್ಲೂ ಗುಂಡನೆಯ ಬಿಳಿ ಮಾತ್ರೆ. ಬೆಳಗಿನದನ್ನು ರಾತ್ರಿ ನುಂಗಿದರು. ಓದು ಬಲ್ಲವರು, ಕನ್ನಡಕವಿದ್ದವರು, ಎಚ್ಚರದಿಂದ ನೋಡಿಯೂ ತಪ್ಪಿದರೆಂದರೆ ತಪ್ಪು ಅಚ್ಚಿನಲ್ಲಿದೆ. ಎರಡು ಬಗೆಯ ಮಾತ್ರೆ ಒಟ್ಟಿಗೆ ತೆಗೆದುಕೊಳ್ಳುವ ಪ್ರತಿಯೊಬ್ಬರ ಕೈಯಲ್ಲೂ ಇಂಥವೇ ಎರಡು ಸ್ಟ್ರಿಪ್ಪುಗಳಿವೆ.’

ಕೊನೆಯ ಎರಡು ವಾಕ್ಯಗಳೇ ಉಪನಯ. ಬರೆಯುವಾಗ ‘ಇಲ್ಲೂ ಹಾಗೆಯೇ, ಏಕೆಂದರೆ…’ ಎಂದು ಮನಸ್ಸಿನಲ್ಲಿ ತುಂಬಿಸಿ ನೋಡಿ. ‘ಏಕೆಂದರೆ’ಯ ಮುಂದೆ ಏನೂ ಬರದಿದ್ದರೆ ಪ್ರಸಂಗವೇ ಬೇರೆ ವಾದದ್ದು.

ಆಗ ಆಡಿದ ಮಾತು ಸರಿಯಾಗಿ ನೆನಪಿಲ್ಲ. ಸಂಭಾಷಣೆ ಬರೀಬಹುದಾ?

ನೆನಪಿರುವ ಒಂದೆರಡು ಮಾತನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ. ಉಳಿದದ್ದನ್ನು ‘ಆಗುವುದಿಲ್ಲ ಎಂಬರ್ಥದ ಮಾತು ಹೇಳಿದರು’ ಎಂದು ಪರೋಕ್ಷವಾಗಿ ಬರೆಯಿರಿ. ನೆನಪನ್ನು ಪೂರ್ತಿ ನಂಬಬೇಡಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಎಲ್ಲರಿಗೂ ಕಾರು ಅಪಘಾತಗಳ ಅವೇ ಚಲನಚಿತ್ರ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಸರಾಸರಿ ಗಂಟೆಗೆ 40.8 ಮೈಲಿ ಎಂಬ ಉತ್ತರ ಸಿಕ್ಕಿತು, ‘ತಾಗಿದಾಗ’ ಎಂದು ಕೇಳಿದವರಿಗೆ 31.8. ಪ್ರಶ್ನೆಯ ಒಂದು ಕ್ರಿಯಾಪದ ಇಷ್ಟು ಬದಲಿಸುತ್ತದೆಂದ ಮೇಲೆ, ಹತ್ತು ಸಲ ಹೇಳಿ ಹೇಳಿ ನಯವಾದ ನಿಮ್ಮ ಪ್ರಸಂಗ ಎಷ್ಟು ಬದಲಾಗಿರಬೇಡ? ಹಳೆಯ ದಿನಚರಿ, ಸಂದೇಶ, ರಸೀದಿ, ಜೊತೆಗಿದ್ದವರು, ಇವುಗಳಲ್ಲಿ ಒಂದನ್ನಾದರೂ ನೋಡಿ ಬರೆಯಿರಿ.

ಕಣ್ಣೀರು ತರಿಸಬೇಕಾ? ಎಷ್ಟು ಭಾವುಕತೆ ಸರಿ?

ನೀವು ಅತ್ತದ್ದನ್ನು ಬರೆದರೆ ಓದುವವರು ಅಳುವುದಿಲ್ಲ. ‘ಹೃದಯ ಒಡೆಯಿತು’, ‘ಮಾತೇ ಹೊರಡಲಿಲ್ಲ’ ಎಂಬಂಥವನ್ನು ಅಳಿಸಿ, ಆ ಗಳಿಗೆಯಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು ಎಂಬುದನ್ನು ಬರೆಯಿರಿ.

ನನ್ನ ತಪ್ಪನ್ನ ನಾನೇ ಹೇಳ್ಕೊಂಡ್ರೆ ಮರ್ಯಾದೆ ಹೋಗಲ್ವಾ?

ಅದು ನೀವು ಯಾರಾಗಿ ಬರೆಯುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು 1966ರಲ್ಲಿ ಒಂದು ಧ್ವನಿಮುದ್ರಣ ಕೇಳಿಸಿ ಪ್ರಯೋಗ ಮಾಡಿದರು. ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರಿಸಿದ ಜಾಣ ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಂಡಾಗ ಕೇಳಿದವರಿಗೆ ಇನ್ನಷ್ಟು ಇಷ್ಟವಾದ. ಸಾಧಾರಣವಾಗಿ ಉತ್ತರಿಸಿದವನು ಚೆಲ್ಲಿಕೊಂಡಾಗ ಇದ್ದ ಇಷ್ಟವೂ ಕಡಿಮೆಯಾಯಿತು.

ಹಾಗಾಗಿ ಕ್ರಮ ಮುಖ್ಯ. ವಿಷಯ ನಿಮಗೆ ಗೊತ್ತಿದೆ ಎಂಬುದು ಮೊದಲು ತೋರಲಿ, ತಪ್ಪು ಆಮೇಲೆ ಬರಲಿ. ತಪ್ಪು ವಾದದ ದಾರಿಯಲ್ಲೇ ಇರುವಂಥದ್ದಾಗಿರಲಿ. ಉಳಿತಾಯದ ಬಗ್ಗೆ ಬರೆಯುವವರು ಸಾಲ ಮಾಡಿ ಕೆಟ್ಟದ್ದನ್ನು ಹೇಳಿದರೆ ನಂಬಿಕೆ ಬೆಳೆಯುತ್ತದೆ, ರಸ್ತೆಯಲ್ಲಿ ಜಾರಿ ಬಿದ್ದದ್ದನ್ನು ಹೇಳಿದರೆ ನಗು ಅಷ್ಟೇ. ‘ನನ್ನ ದೊಡ್ಡ ದೋಷವೆಂದರೆ ಅತಿಯಾದ ಪ್ರಾಮಾಣಿಕತೆ’ ಎಂಬ ಧಾಟಿಯ ತಪ್ಪೊಪ್ಪಿಗೆಯನ್ನು ಯಾರೂ ನಂಬುವುದಿಲ್ಲ. ಅದು ಹೊಗಳಿಕೆಗೆ ಹಾಕಿದ ಮುಸುಕು.

## ಎದುರುವಾದ ಬಂದಾಗ

‘ಒಬ್ಬರಿಗೆ ಆಗಿದ್ದು ಸಾಕ್ಷಿ ಅಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಏನು ಉತ್ತರ ಕೊಡೋದು?

ಅವರು ಹೇಳುವುದು ಅರ್ಧ ಸರಿ. ಇದಕ್ಕೆ ನಮ್ಮಲ್ಲೇ ಎರಡು ನ್ಯಾಯಗಳಿವೆ, ಅಂದರೆ ಹೋಲಿಕೆ ಕೊಟ್ಟು ಹೇಳುವ ಹಳೆಯ ಮಾತುಗಳು. ಸ್ಥಾಲೀಪುಲಾಕ ನ್ಯಾಯ: ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಕಾಕತಾಳೀಯ ನ್ಯಾಯ: ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧವಿಲ್ಲ. ಪ್ರತಿಯೊಂದು ಪ್ರಸಂಗವೂ ಈ ಎರಡರಲ್ಲಿ ಒಂದು. ಬರೆಯುವವರ ಹೊಣೆ ತನ್ನದು ಅಗುಳೋ ಕಾಗೆಯೋ ಎಂದು ಮೊದಲೇ ತಿಳಿದುಕೊಳ್ಳುವುದು.

ಒಂದು ಅಗುಳು ಪಾತ್ರೆಯ ಬಗ್ಗೆ ಸಾಕ್ಷಿ ಹೇಳುವುದು ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಬೆಂಕಿಯ ಮೇಲೆ, ಅಷ್ಟೇ ಹೊತ್ತು ಇದ್ದವು ಎಂಬ ಕಾರಣಕ್ಕೆ. ಮೇಲಿನ ಮಾತ್ರೆಯ ಮಾದರಿಯಲ್ಲಿ ಎಲ್ಲರಿಗೂ ಸಿಗುವುದು ಅದೇ ಅಚ್ಚಿನ ಸ್ಟ್ರಿಪ್, ಆದ್ದರಿಂದ ಅದು ಅಗುಳು. ‘ನಮ್ಮಜ್ಜ ದಿನಾ ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ’ ಎಂಬುದು ಕಾಗೆ, ಏಕೆಂದರೆ ಒಬ್ಬೊಬ್ಬರ ದೇಹ ಬೇರೆ, ಸೇದಿ ಬೇಗ ಸತ್ತವರು ಪ್ರಸಂಗ ಹೇಳಲು ಉಳಿದಿಲ್ಲ. ನಿಯಮ, ವ್ಯವಸ್ಥೆ, ಉಪಕರಣ ಎಲ್ಲರಿಗೂ ಒಂದೇ ಇರುವ ಕಡೆ ಒಂದು ಪ್ರಸಂಗ ಬಹಳಷ್ಟನ್ನು ಹೇಳಬಲ್ಲದು. ದೇಹ, ಅದೃಷ್ಟ, ಮಾರುಕಟ್ಟೆಯ ಏರಿಳಿತ ಇರುವ ಕಡೆ ಏನನ್ನೂ ಹೇಳಲಾರದು.

‘ಇದು ಸಾಧ್ಯವೇ ಇಲ್ಲ’ ಎಂಬ ಮಾತನ್ನು ಮುರಿಯಲು ಮಾತ್ರ ಎಂಥ ಪ್ರಸಂಗವಾದರೂ ಒಂದೇ ಸಾಕು. ಕಪ್ಪು ಹಂಸ ಇಲ್ಲ ಎನ್ನುವವರಿಗೆ ಒಂದು ಕಪ್ಪು ಹಂಸ ತೋರಿಸಿದಂತೆ.

ಕಥೆನೂ ಹೇಳಿ ಅಂಕಿನೂ ಕೊಟ್ಟರೆ ಡಬಲ್ ಪರಿಣಾಮ ಅಲ್ವಾ?

ಹಾಗೆಂದುಕೊಂಡೇ ಎಲ್ಲರೂ ಬರೆಯುತ್ತಾರೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಕೈಗೆ 5 ಡಾಲರ್ ಕೊಟ್ಟು, ಹಸಿವಿನಲ್ಲಿರುವವರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಒಬ್ಬಳೇ ಹುಡುಗಿಯ ಕಥೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಅಂಕಿ ಮಾತ್ರ ಓದಿದವರು 1.14. ಎರಡನ್ನೂ ಒಟ್ಟಿಗೆ ಓದಿದವರು 1.43. ಅಂಕಿ ಕಥೆಯ ಬಿಸಿಯನ್ನು ಆರಿಸಿತು.

ಇಷ್ಟರಿಂದ ಅಂಕಿಯನ್ನೇ ಬಿಡಿ ಎನ್ನಲಾಗದು. ತಕ್ಷಣ ಕೈ ಚಾಚಿಸುವ ಕೋರಿಕೆಗೂ, ನಿಲುವು ಬದಲಿಸುವ ಬರಹಕ್ಕೂ ವ್ಯತ್ಯಾಸವಿದೆ. ದೇಣಿಗೆಯ ಕೋರಿಕೆಯಲ್ಲಿ ಒಬ್ಬರ ಮುಖವಷ್ಟೇ ಇರಲಿ, ಅಂಕಿ ಬೇರೆ ಪುಟದಲ್ಲಿರಲಿ. ನೀತಿ ಬದಲಿಸಿ ಎಂದು ಕೇಳುವಾಗ ಅಂಕಿ ಬೇಕೇ ಬೇಕು, ಆದರೆ ಪ್ರಸಂಗದ ನಡುವೆ ತುರುಕಬೇಡಿ. ಒಂದು ಪ್ಯಾರಾದಷ್ಟು ದೂರ ಬಿಟ್ಟು, ‘ಹೀಗಾದವರು ಎಷ್ಟು ಜನ?’ ಎಂಬ ಪ್ರಶ್ನೆಗೆ ಉತ್ತರವಾಗಿ ಒಂದೇ ಒಂದು ಸಂಖ್ಯೆ ಕೊಡಿ.

ಪ್ರಸಂಗವೇ ಅಂಕಿಯನ್ನು ಓದಲು ಕಲಿಸುವ ಅಪರೂಪದ ಬಗೆಯೂ ಇದೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಗೊತ್ತಾದ ಮೇಲೆ ರೋಗಿಗಳು ಬದುಕುವ ಅವಧಿಯ ಮಧ್ಯಾಂಕ 8 ತಿಂಗಳು ಎಂದು ವೈದ್ಯಸಾಹಿತ್ಯ ಹೇಳುತ್ತಿತ್ತು. ‘8 ತಿಂಗಳಲ್ಲಿ ಸಾವು’ ಎಂದು ಅದನ್ನು ಓದಬಾರದು, ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಆ ಬದಿಯ ಬಾಲ ಬಹಳ ಉದ್ದ, ಅಂದರೆ ಕೆಲವರು ವರ್ಷಗಟ್ಟಲೆ ಬದುಕುತ್ತಾರೆ ಎಂದು ಅವರು 1985ರ ಪ್ರಬಂಧವೊಂದರಲ್ಲಿ ತಮ್ಮದೇ ಪ್ರಸಂಗ ಇಟ್ಟು ವಿವರಿಸಿದರು. ‘ನಾನು ಬದುಕಿದೆ, ನೀವೂ ಬದುಕುತ್ತೀರಿ’ ಎಂದಿದ್ದರೆ ಮೇಲೆ ಹೇಳಿದ ಕಾಗೆಯ ಕಥೆಯಾಗುತ್ತಿತ್ತು. ಅವರು ಹೇಳಿದ್ದು ಮಧ್ಯಾಂಕ ಎಂದರೇನು ಎಂಬುದನ್ನು. (ಅವರು ತೀರಿಕೊಂಡದ್ದು 2002ರಲ್ಲಿ, ಬೇರೆಯೇ ಕ್ಯಾನ್ಸರಿನಿಂದ.)

ಓದುವವರು ನನ್ನ ವಿರೋಧಿಗಳೇ ಆಗಿದ್ರೆ ಎಂಥ ಪ್ರಸಂಗ ಆರಿಸ್ಕೋಬೇಕು?

ನ್ಯಾಯಸೂತ್ರ ಎಂಬ ಹಳೆಯ ತರ್ಕಗ್ರಂಥ ದೃಷ್ಟಾಂತಕ್ಕೆ ಕೊಡುವ ಲಕ್ಷಣವೇ ಇಲ್ಲಿ ಕೈದೀಪ. ಸಾಮಾನ್ಯ ಜನರೂ ಪರೀಕ್ಷಿಸಿ ನೋಡುವವರೂ ಯಾವುದರ ಬಗ್ಗೆ ಒಂದೇ ಅಭಿಪ್ರಾಯ ಹೊಂದಿರುತ್ತಾರೋ ಅದು ದೃಷ್ಟಾಂತ. ಅಂದರೆ ಪ್ರಸಂಗದೊಳಗೇ ಜಗಳವಿರಬಾರದು. ‘ಅವನು ದುರಾಸೆಯಿಂದ ಹಾಗೆ ಮಾಡಿದ’ ಎಂದು ಬರೆದರೆ ವಿರೋಧಿ ಅಲ್ಲೇ ನಿಲ್ಲುತ್ತಾನೆ. ‘ಕೊಟ್ಟ ಹಣವನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಡ್ರಾಯರಿಗೆ ಬೀಗ ಹಾಕಿದ’ ಎಂದರೆ ಅದನ್ನು ಇಬ್ಬರೂ ಒಪ್ಪುತ್ತಾರೆ.

ನೀವೂ ಮೊದಲು ಅವರ ನಿಲುವಿನಲ್ಲೇ ಇದ್ದು ಆಮೇಲೆ ಬದಲಾದವರಾಗಿದ್ದರೆ ಅದೇ ಶ್ರೇಷ್ಠ ಪ್ರಸಂಗ. ಆಗ ಹಳೆಯ ನಿಲುವನ್ನು ಮೂರ್ಖತನವೆಂದು ಬಣ್ಣಿಸಬೇಡಿ. ಅದು ಆಗ ನಿಮಗೆ ಏಕೆ ಸರಿ ಕಂಡಿತ್ತು ಎಂದು ನ್ಯಾಯವಾಗಿ ಹೇಳಿ, ಮೂರು ವಾಕ್ಯವಾದರೂ.

ಪರಿಣಾಮ ಹೆಚ್ಚಾಗಲಿ ಅಂತ ಸ್ವಲ್ಪ ಉಪ್ಪು ಖಾರ ಹಾಕಿದ್ರೆ ತಪ್ಪಾ?

ತಪ್ಪು, ಜಾಣತನವೂ ಅಲ್ಲ. ಮುಳುಗಿ ಓದುವವರು ಆ ಗಳಿಗೆಯಲ್ಲಿ ನಿಜ-ಸುಳ್ಳು ಅಳೆಯುವುದಿಲ್ಲವೆಂದು ಮೇಲೆ ಹೇಳಿದೆವು. ಆಮೇಲೆ ಗೊತ್ತಾದರೆ ಮಾತ್ರ ಬಿಡುವುದಿಲ್ಲ. ಅಮೆರಿಕದಲ್ಲಿ ಬಹಳ ಮಾರಾಟವಾದ ಒಂದು ಆತ್ಮಕಥೆಯಲ್ಲಿ ಲೇಖಕ ಪೊಲೀಸರ ವಶದಲ್ಲಿ ಕಳೆದ ಕೆಲವೇ ಗಂಟೆಗಳನ್ನು ಸುಮಾರು ಮೂರು ತಿಂಗಳ ಜೈಲುವಾಸವಾಗಿ ಹಿಗ್ಗಿಸಿದ್ದು 2006ರಲ್ಲಿ ಬಯಲಾಯಿತು. ಕೊನೆಗೆ, ವಾಪಸ್ ಕೇಳಿದ ಓದುಗರಿಗೆ ಪುಸ್ತಕದ ಹಣ ಹಿಂದಿರುಗಿಸಬೇಕಾಯಿತು.

ಮಾಡಬಹುದಾದದ್ದು, ಮಾಡಬಾರದ್ದು ಸ್ಪಷ್ಟವಿರಲಿ. ಹೆಸರು ಬದಲಿಸಬಹುದು, ಬದಲಿಸಿದ್ದೇನೆಂದು ಹೇಳಿ. ನಡುವಿನ ಬೇಡದ ದಿನಗಳನ್ನು ಬಿಡಬಹುದು. ಎರಡು ಘಟನೆಗಳನ್ನು ಒಂದಾಗಿಸಬಾರದು, ಇಲ್ಲದ ಸಾಕ್ಷಿಯನ್ನು ನಿಲ್ಲಿಸಬಾರದು, ಸಂಖ್ಯೆ ಏರಿಸಬಾರದು. ಬೇರೆಯವರಿಗೆ ಆದದ್ದನ್ನು ‘ನನಗೆ’ ಎಂದು ಬರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ವಾದಕ್ಕೆ ಆಧಾರವಾಗಿರುವ ವಿವರವೇ ಕಟ್ಟಿದ್ದಾಗಿದ್ದರೆ ವಾದವೂ ಕಟ್ಟಿದ್ದೇ.

ನಿಜವೇ ಬರೆದ್ರೂ ಜನ ನಂಬ್ತಾ ಇಲ್ಲ. ಏನು ಮಾಡೋದು?

ಪರೀಕ್ಷಿಸಬಹುದಾದ ವಿವರ ಕೊಡಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅಷ್ಟು ಸೊಗಸಾಗಿ ಮಾತನಾಡುತ್ತಿದ್ದರು, ಈತ ಗುಲಾಮನಾಗಿದ್ದನೆಂದು ಕೇಳುವವರು ನಂಬುತ್ತಿರಲಿಲ್ಲ. 1845ರಲ್ಲಿ ತಮ್ಮ ಬದುಕನ್ನು ಬರೆದಾಗ ಅವರು ಒಡೆಯರ ಹೆಸರು, ಇದ್ದ ಜಾಗಗಳ ಹೆಸರು ಎಲ್ಲವನ್ನೂ ಇಟ್ಟರು. ಹಾಗೆ ಬರೆದದ್ದರಿಂದ ಮತ್ತೆ ಸೆರೆಯಾಗುವ ಅಪಾಯ ಬಂದು ಕೆಲಕಾಲ ದೇಶ ಬಿಟ್ಟು ಬ್ರಿಟನ್ನಿಗೆ ಹೋಗಬೇಕಾಯಿತು. ಅಷ್ಟು ದೊಡ್ಡ ಬೆಲೆ ಎಲ್ಲರೂ ತೆರಬೇಕಿಲ್ಲ. ತಿಂಗಳು, ಕಚೇರಿಯ ಬಗೆ, ಕಾಗದದ ಮೇಲಿದ್ದ ಮಾತು ಇಂಥ ಒಂದೆರಡು ಸಾಕು. ನಿಮಗೆ ಅನುಕೂಲವಲ್ಲದ ಒಂದು ನಿಜವನ್ನೂ ಇಡಿ. ‘ಆ ಗುಮಾಸ್ತ ಮಾತಿನಲ್ಲಿ ಒರಟಾಗಿರಲಿಲ್ಲ’ ಎಂಬ ಒಂದು ಸಾಲು ಉಳಿದ ದೂರಿಗೆಲ್ಲ ಜಾಮೀನು ನಿಲ್ಲುತ್ತದೆ.

ಪ್ರಸಂಗದಲ್ಲಿ ಮನೆಯವರು, ಸ್ನೇಹಿತರು ಬರ್ತಾರೆ. ಅವರನ್ನ ಕೇಳ್ಬೇಕಾ?

ಕೇಳಬೇಕು, ಅಚ್ಚಿಗೆ ಹೋಗುವ ಮೊದಲೇ. ಅವರ ಭಾಗವನ್ನು ಓದಿ ಹೇಳಿ, ‘ಇದರಲ್ಲಿ ತಪ್ಪೇನಾದರೂ ಇದೆಯೇ?’ ಎಂದು ಕೇಳಿ. ನೆನಪಿನ ತಪ್ಪುಗಳೂ ಆಗಲೇ ಸಿಗುತ್ತವೆ. ಮಕ್ಕಳ ಕಾಯಿಲೆ, ಸೋಲು, ಅವಮಾನಗಳನ್ನು ಹೆಸರಿನೊಡನೆ ಬರೆಯಬೇಡಿ. ಈಗ ಒಪ್ಪಿದರೂ ಇಪ್ಪತ್ತರ ವಯಸ್ಸಿನಲ್ಲಿ ಅದನ್ನು ಓದುವುದು ಅವರೇ. ಹೆಸರಷ್ಟೇ ಬದಲಿಸಿದರೆ ಸಾಲದು, ಊರು, ವೃತ್ತಿ, ವರ್ಷ ಮೂರೂ ಸೇರಿದರೆ ಬಲ್ಲವರು ಗುರುತು ಹಿಡಿಯುತ್ತಾರೆ.

ಭಾಷಣದಲ್ಲಿ ಹೇಳುವಾಗ ಬೇರೆ ಏನಾದ್ರೂ ನೋಡ್ಕೋಬೇಕಾ?

ತೊಂಬತ್ತು ಸೆಕೆಂಡಿನೊಳಗೆ ಮುಗಿಸಿ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಹೆಸರುಗಳು ಎರಡಕ್ಕಿಂತ ಹೆಚ್ಚಾದರೆ ಕೇಳುವವರು ಹಿಂದಿನ ಸಾಲಿಗೆ ಹೋಗಿ ನೋಡಲಾರರು, ಅಲ್ಲೇ ತಪ್ಪಿಹೋಗುತ್ತಾರೆ. ಉಪನಯವನ್ನು, ಅಂದರೆ ಪ್ರಸಂಗವನ್ನು ವಾದಕ್ಕೆ ಜೋಡಿಸುವ ಮಾತನ್ನು, ಬರಹದಲ್ಲಿ ಒಮ್ಮೆ ಹೇಳಿದರೆ ಸಾಕು, ಭಾಷಣದಲ್ಲಿ ಬೇರೆ ಮಾತುಗಳಲ್ಲಿ ಎರಡು ಸಲ ಹೇಳಿ. ಮೊದಲ ಸಲ ಹೇಳುವಾಗ ಅವರಿನ್ನೂ ಕಥೆಯೊಳಗೇ ಇರುತ್ತಾರೆ.

ಬೇರೆಯವರ ಪ್ರಸಂಗ ಓದಿ ನಾನೇ ಮೋಸ ಹೋಗದೆ ಇರೋದು ಹೇಗೆ?

ಪ್ರಸಂಗ ಮುಗಿದ ಜಾಗದಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗಿನದನ್ನು ಮಾತ್ರ ಓದಿ, ವಾದ ಇನ್ನೂ ನಿಂತಿದೆಯೇ ನೋಡಿ. ಆಮೇಲೆ ಅದೇ ಪ್ರಸಂಗಕ್ಕೆ ಬೇರೆ ಅಂತ್ಯ ಕಟ್ಟಿ. ಎಚ್ಚರವಹಿಸಿಯೂ ಕೆಟ್ಟವರು, ಎಚ್ಚರ ತಪ್ಪಿಯೂ ಉಳಿದವರು ಇರಬಹುದಲ್ಲವೇ? ಅಂಥವರನ್ನು ಬರೆದವರು ಎಲ್ಲಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ? ಕೊನೆಯದಾಗಿ, ಪ್ರಸಂಗದಲ್ಲಿ ಕೆಟ್ಟವರಾಗಿ ಕಾಣಿಸಿಕೊಂಡವರು ಅದನ್ನೇ ಹೇಳಿದ್ದರೆ ಯಾವ ವಾಕ್ಯದಿಂದ ಶುರು ಮಾಡುತ್ತಿದ್ದರು ಎಂದು ಒಂದು ಸಾಲು ಬರೆದು ನೋಡಿ. ಆ ಸಾಲು ಸಲೀಸಾಗಿ ಬಂದರೆ ನಿಮಗೆ ಹೇಳದೆ ಬಿಟ್ಟ ವಿವರ ಇನ್ನೂ ಇದೆ.